ಆರನೇ ವಾರದಲ್ಲಿ ಕೂಸು ಯಾಕಿಷ್ಟು ಅಳುತ್ತದೆ? ಏನು ಮಾಡಬೇಕು?

ನಾನು ಸೋಮವಾರಪೇಟೆ ಕಡೆಯ ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯರ ಮನೆಗೆ ನಾವು 3, 7, 14, 21, 28 ಮತ್ತು 42ನೇ ದಿನ ಹೋಗುತ್ತೇವೆ. ಕೊನೆಯ ಭೇಟಿಯಲ್ಲಿ ಹೆಚ್ಚಾಗಿ ಒಂದೇ ಮಾತು: "ಅಕ್ಕಾ, ಸಂಜೆಯಾದ್ರೆ ಸಾಕು, ಒಂದೇ ಸಮ ಅಳ್ತದೆ. ನನ್ನ ಹಾಲು ಸಾಲ್ತಿಲ್ಲ ಅನ್ಸುತ್ತೆ."

ಅಳು ಅತಿ ಜಾಸ್ತಿ ಇರುವುದೇ ಆರನೇ ವಾರದ ಸುಮಾರಿಗೆ. ಎರಡನೇ ವಾರದಿಂದ ಏರುತ್ತಾ ಬರುತ್ತದೆ, ಮೂರು-ನಾಲ್ಕು ತಿಂಗಳಿಗೆ ಇಳಿಯುತ್ತದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಾದರೆ ಡಾಕ್ಟರ್ ಹೇಳಿದ್ದ ಹೆರಿಗೆ ತಾರೀಖಿನಿಂದ ವಾರ ಎಣಿಸಿ. ಅಳುತ್ತದೆ ಅಂತ ಡಬ್ಬಿ ಹಾಲು ತರಬೇಡಿ. ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದು, ತಾಯಿ ಕಾರ್ಡಿನಲ್ಲಿ ತೂಕ ಏರುತ್ತಿದ್ದರೆ ನಿಮ್ಮ ಹಾಲು ಸಾಲುತ್ತಿದೆ. ಗ್ರೈಪ್ ವಾಟರ್, ಬಜೆ, ಜೇನು ಯಾವುದೂ ಬೇಡ.

ನಮ್ಮ ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ. ಒಲೆಯ ಮೇಲೆ ಹಗ್ಗ ಕಟ್ಟುತ್ತೇವೆ, ಚಳಿ ಅಂತ ಕೂಸನ್ನೂ ಅಲ್ಲೇ ಪಕ್ಕದಲ್ಲಿ ಮಲಗಿಸುತ್ತೇವೆ. ತೋಟದ ಲೈನ್ ಮನೆಯಲ್ಲಿ ಇನ್ನೊಂದು ಕೋಣೆ ಎಲ್ಲಿಂದ ತರುವುದು, ಅಲ್ವಾ? ಆದರೂ ಒಲೆ ಉರಿಯುವಷ್ಟು ಹೊತ್ತು ಯಾರಾದರೂ ಕೂಸನ್ನು ಎತ್ತಿಕೊಂಡು ಜಗುಲಿಯಲ್ಲಿ ಕೂರಲಿ. ಹೊಗೆಗೆ ಕಣ್ಣು ಉರಿಯುತ್ತದೆ, ಮೂಗು ಕಟ್ಟುತ್ತದೆ. ಮೂಗು ಕಟ್ಟಿದ ಕೂಸು ಹಾಲು ಎಳೆಯಲಾಗದೆ ಅಳುತ್ತದೆ. ಬೀಡಿ ಸೇದುವವರು ಮನೆಯೊಳಗೆ ಸೇದಲೇಬಾರದು.

ಸ್ವೆಟರ್, ಟೋಪಿ, ಮೇಲೊಂದು ಕಂಬಳಿ ಹೊದಿಸಿ ಸೆಕೆಯಾಗಿ ಅಳುವ ಕೂಸುಗಳೂ ಇವೆ. ಅಂಗೈ ಮುಟ್ಟಿ ಚಳಿ ಅಳೆಯಬೇಡಿ, ಅದು ತಣ್ಣಗೇ ಇರುತ್ತದೆ. ಕತ್ತಿನ ಹಿಂಭಾಗ ಮುಟ್ಟಿ. ಬೆವರಿದ್ದರೆ ಒಂದು ಬಟ್ಟೆ ಕಡಿಮೆ ಮಾಡಿ.

"ಎತ್ತಿ ಅಭ್ಯಾಸ ಮಾಡಬೇಡ" ಅನ್ನುವ ಅಜ್ಜಿಯಂದಿರಿಗೆ ನಾನು ಪ್ರೀತಿಯಿಂದಲೇ ಎದುರು ಹೇಳುತ್ತೇನೆ. 1986ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ, ಅಳದಿದ್ದಾಗಲೂ ಹೆಚ್ಚು ಹೊತ್ತು ಎತ್ತಿಕೊಂಡ ಕೂಸುಗಳು ಆರನೇ ವಾರದಲ್ಲಿ ಶೇ. 43ರಷ್ಟು ಕಡಿಮೆ ಅತ್ತವು. ಸಂಜೆಯ ಅಳು ಶುರುವಾಗುವ ಮೊದಲೇ ಎತ್ತಿಕೊಳ್ಳಿ. ಅಜ್ಜ, ಅಪ್ಪ, ಅತ್ತೆ ಎಲ್ಲರೂ ಸರದಿ ತೆಗೆದುಕೊಳ್ಳಲಿ.

ಸಾಕಾಗಿ ಕೈ ನಡುಗಿದರೆ ಕೂಸನ್ನು ಅಂಗಾತ ಮಲಗಿಸಿ, ಐದು ನಿಮಿಷ ಹೊರಗೆ ನಿಲ್ಲಿ. ಯಾವತ್ತೂ ಹಿಡಿದು ಅಲುಗಾಡಿಸಬೇಡಿ, ಮೆದುಳಿಗೆ ಪೆಟ್ಟಾಗುತ್ತದೆ.

ಜ್ವರ 100.4 ಡಿಗ್ರಿ ಮುಟ್ಟಿದರೆ, ಹಾಲು ಬಿಟ್ಟರೆ, ಹಸಿರು ವಾಂತಿಯಾದರೆ, ಉಸಿರಾಡಲು ಕಷ್ಟಪಟ್ಟರೆ ಅಥವಾ ಅಳುವಿನ ದನಿ ಕುಗ್ಗಿದರೆ ಬೆಳಗಾಗಲಿ ಅಂತ ಕಾಯಬೇಡಿ. ಮಳೆಗೆ ನಮ್ಮ ದಾರಿಗಳು ಯಾವಾಗ ಕಟ್ಟುತ್ತವೋ ಹೇಳಲಾಗದು. ಕೂಡಲೇ 108ಕ್ಕೆ ಫೋನ್ ಮಾಡಿ.