20 ಗಂಟೆಗೆ ಬಿಟ್ಟಿದ್ದ ಒಡಿಸ್ಸಿ ಎರಡನೇ ಸಲ ಹಿಡಿಸಿದ್ದು

ಅಸಾಸಿನ್ಸ್ ಕ್ರೀಡ್ ಒಡಿಸ್ಸಿ ಬಗ್ಗೆ ಗೇಮ್ ಆಡುವ ನಾಲ್ಕು ಜನ ಸೇರಿದರೆ ಜಗಳ ಗ್ಯಾರಂಟಿ. ಇಬ್ಬರಿಗೆ ಅದಂದ್ರೆ ಪ್ರಾಣ, ಇನ್ನಿಬ್ಬರಿಗೆ ಆಗಿಬರಲ್ಲ. ನಾನು ಎರಡೂ ಕಡೆ ಇದ್ದು ಬಂದವಳು. 2018ರ ಅಕ್ಟೋಬರ್‌ನಲ್ಲಿ ಬಂದ, ಪ್ರಾಚೀನ ಗ್ರೀಸ್‌ನಲ್ಲಿ ನಡೆಯೋ ಗೇಮ್ ಇದು. ಎರಡು ವರ್ಷ ಕಳೆದ ಮೇಲೆ ಅರ್ಧ ರೇಟಿಗೆ ಸಿಕ್ಕಾಗ ತಗೊಂಡೆ, 20 ಗಂಟೆ ಆಡಿ ಬಿಟ್ಟೆ. ಆಮೇಲೆ ಇನ್ನೊಂದು ಸಲ ಮೊದಲಿಂದ ಶುರು ಮಾಡಿದವಳು 100 ಗಂಟೆ ದಾಟಿದರೂ ಬಿಟ್ಟಿಲ್ಲ. ಎರಡನೇ ಸಲ ಹೇಗೆ ಆಡಿದೆ ಅನ್ನೋದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಮೊದಲ ಸಲ ಮ್ಯಾಪ್ ತೆರೆದರೆ ಬರೀ ಪ್ರಶ್ನೆ ಗುರುತುಗಳು. ಒಂದು ಕೋಟೆಗೆ ನುಗ್ಗು, ಅಲ್ಲಿನ ಕ್ಯಾಪ್ಟನ್‌ನನ್ನು ಮುಗಿಸು, ಪೆಟ್ಟಿಗೆ ದೋಚು, ಪಕ್ಕದ ಕೋಟೆಗೆ ಹೋಗು. ಕಣ್ಣಿಗೆ ಬಿದ್ದ ಒಂದೊಂದು ಗುರುತನ್ನೂ ಅಳಿಸದೆ ಮುಂದೆ ಹೋಗುತ್ತಿರಲಿಲ್ಲ. ಇಷ್ಟಾದರೂ ಮುಖ್ಯ ಕತೆಯ ಮುಂದಿನ ಭಾಗಕ್ಕೆ ಲೆವೆಲ್, ಅಂದರೆ ನಮ್ಮ ಪಾತ್ರದ ಶಕ್ತಿಯ ಮಟ್ಟ, ಸಾಲುತ್ತಿರಲಿಲ್ಲ. ನಮಗಿಂತ ಮೂರು ಲೆವೆಲ್ ಮೇಲಿರುವ ಸೈನಿಕನಿಗೆ ಎಷ್ಟು ಹೊಡೆದರೂ ಬೀಳಲ್ಲ. ಲೆವೆಲ್ ಬೇಗ ಏರಿಸೋ ಬೂಸ್ಟ್ ಅನ್ನು ಬೇರೆ ದುಡ್ಡಿಗೆ ಮಾರಿದರಲ್ಲ, ಅದರ ಮೇಲೆ ಜನ ಸಿಟ್ಟಾಗಿದ್ದು ನ್ಯಾಯವೇ. ದುಡ್ಡು ಕೊಟ್ಟು ತಗೊಂಡ ಗೇಮ್ ಅಲ್ವಾ?

ಆದರೆ "ಇದರಲ್ಲಿ ಹಿಡನ್ ಬ್ಲೇಡ್ ಇಲ್ಲ, ಇದು ಅಸಾಸಿನ್ಸ್ ಕ್ರೀಡೇ ಅಲ್ಲ" ಅನ್ನೋ ದೂರನ್ನು ನಾನು ಒಪ್ಪಲ್ಲ. ಹಿಡನ್ ಬ್ಲೇಡ್ ಅಂದ್ರೆ ಈ ಸರಣಿಯ ಅಸಾಸಿನ್‌ಗಳು ತೋಳಿನಡಿ ಬಚ್ಚಿಟ್ಟುಕೊಳ್ಳೋ ಚೂರಿ. ಕತೆ ಶುರುವಾಗೋದು ಕ್ರಿ.ಪೂ. 431ರಲ್ಲಿ, ಅಥೆನ್ಸ್ ಮತ್ತು ಸ್ಪಾರ್ಟಾ ನಡುವೆ ಯುದ್ಧ ಹೊತ್ತಿಕೊಂಡ ವರ್ಷ. ಇದಕ್ಕಿಂತ ಮೊದಲು ಬಂದ ಒರಿಜಿನ್ಸ್ ಗೇಮ್‌ನ ಈಜಿಪ್ಟ್ ಕತೆಗೆ ಇನ್ನೂ ಸುಮಾರು 400 ವರ್ಷ ಬಾಕಿ ಇದೆ, ಅಸಾಸಿನ್‌ಗಳ ಪಂಗಡ ಹುಟ್ಟೇ ಇಲ್ಲ. ನಾನು ಆಡೋ ಪಾತ್ರ ಕಸಾಂಡ್ರಾ, ಅವಳ ಕೈಯಲ್ಲಿರೋದು ಅಜ್ಜ, ಸ್ಪಾರ್ಟಾದ ರಾಜ ಲಿಯೋನಿಡಾಸನ ಮುರಿದ ಈಟಿ. ನನಗೆ ಅದೇ ಸಾಕು.

ಎರಡನೇ ಸಲ ನಾನು ಮೊದಲು ಬದಲಾಯಿಸಿದ್ದು ಮೋಡ್. ಗೈಡೆಡ್ ಮೋಡ್‌ನಲ್ಲಿ ಎಲ್ಲಿಗೆ ಹೋಗಬೇಕು ಅಂತ ಪರದೆಯ ಮೇಲೆ ಗುರುತೇ ಬಂದುಬಿಡುತ್ತದೆ. ಎಕ್ಸ್‌ಪ್ಲೊರೇಶನ್ ಮೋಡ್‌ನಲ್ಲಿ ಬರೀ ಸುಳಿವು ಕೊಡುತ್ತಾರೆ. ನೀವು ಹುಡುಕುವ ಮನುಷ್ಯ ಇಂಥ ಪ್ರಾಂತ್ಯದಲ್ಲಿದ್ದಾನೆ, ಇಂಥ ಊರಿಗೆ ಪೂರ್ವಕ್ಕೆ, ಹೊಳೆಯ ಹತ್ತಿರ, ಇಷ್ಟೇ. ಮ್ಯಾಪ್ ನೋಡಿ ಅಂದಾಜು ಮಾಡಿ, ಕುದುರೆ ಹತ್ತಿ ಹೋಗಿ, ಹತ್ತಿರ ಬಂದಾಗ ಇಕಾರೋಸ್ ಅನ್ನೋ ಹದ್ದನ್ನು ಮೇಲೆ ಬಿಟ್ಟು ಹುಡುಕಬೇಕು. ಆಗ ದಾರಿ ಕಾಣಿಸೋಕೆ ಶುರುವಾಯ್ತು. ಆಲಿವ್ ತೋಪು ಯಾವುದು, ಗುಡ್ಡದ ಮೇಲಿನ ಗುಡಿ ಯಾವುದು, ಸಮುದ್ರ ಯಾವ ಕಡೆ ಅಂತ ನೋಡಿಕೊಂಡೇ ಹೋಗಬೇಕಲ್ಲ! ಒಂದು ವಾರಕ್ಕೆ ಫೋಕಿಸ್ ಪ್ರಾಂತ್ಯದಲ್ಲಿ, ಅಂದರೆ ಡೆಲ್ಫಿ ಇರೋ ಕಡೆ, ಮ್ಯಾಪ್ ತೆರೆಯದೇ ಓಡಾಡುವಷ್ಟು ಪರಿಚಯ ಆಯ್ತು.

ಡಿಫಿಕಲ್ಟಿ ಈಸಿಗೆ ಇಳಿಸಿದೆ. ಶತ್ರುಗಳ ಲೆವೆಲ್ ನಮ್ಮದಕ್ಕಿಂತ ಸ್ವಲ್ಪ ಕೆಳಗಿರುವ ಹಾಗೆ ಮಾಡುವ ಸೆಟ್ಟಿಂಗ್ ಒಂದು ಅಪ್‌ಡೇಟ್‌ನಲ್ಲಿ ಬಂದಿತ್ತು, ಅದನ್ನೂ ಹಾಕಿಕೊಂಡೆ. ಊರ ಬೋರ್ಡ್‌ಗಳ ಮೇಲಿನ ಕೆಲಸಗಳನ್ನು ಮುಟ್ಟಲೇ ಇಲ್ಲ, ಎಲ್ಲಾ ಒಂದೇ ಥರ. ಹೆಸರು, ಮುಖ, ಸಂಕಟ ಇರುವ ಮನುಷ್ಯರು ಎದುರು ನಿಂತು ಕೇಳಿದ ಕೆಲಸ ಮಾತ್ರ ಮಾಡಿದೆ. ಬೂಸ್ಟ್ ಇಲ್ಲದೆಯೇ ಲೆವೆಲ್ ಸಾಕಾಯ್ತು.

ಅಂಥ ಒಂದು ಕೆಲಸವನ್ನು ಹೇಳಲೇಬೇಕು (ಇನ್ನೂ ಆಡದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ). ಶುರುವಿನ ಕೆಫಲೋನಿಯಾ ದ್ವೀಪದಲ್ಲೇ ಬರುತ್ತದೆ. ಒಂದು ಹಳ್ಳಿಗೆ ಜ್ವರ ಹಬ್ಬಿ ಊರಿಗೆ ಊರೇ ಸುಟ್ಟಿದ್ದಾರೆ. ಉಳಿದಿರೋ ಒಂದು ಕುಟುಂಬವನ್ನು ಪೂಜಾರಿಯ ಕಡೆಯವರು ಕೊಲ್ಲೋಕೆ ನಿಂತಿದ್ದಾರೆ. ನಾನು ಅಡ್ಡ ನಿಂತು ಉಳಿಸಿದೆ. ಒಳ್ಳೇದು ಮಾಡಿದೆ ಅಂತ ಹಡಗು ಹತ್ತಿದೆ. ಎಷ್ಟೋ ಗಂಟೆಗಳ ನಂತರ ಗೊತ್ತಾಯ್ತು, ಜ್ವರ ಇಡೀ ದ್ವೀಪಕ್ಕೆ ಹಬ್ಬಿದೆ ಅಂತ. ವಾಪಸ್ ಹೋಗಿ ನೋಡಿದೆ. ಕಸಾಂಡ್ರಾ ಆಗಿ ನಾನು ಬೆಳೆದ ದ್ವೀಪ ಅದು. ಆ ರಾತ್ರಿ ಗೇಮ್ ಆಫ್ ಮಾಡಿ ಸುಮ್ನೆ ಕೂತೆ. ಮುಂದೆ ಕತೆಯಲ್ಲಿ ಅಥೆನ್ಸ್‌ಗೂ ರೋಗ ಬರುತ್ತದೆ. ಬೀದಿಯಲ್ಲಿ ಹೆಣಗಳ ರಾಶಿ, ಎಲ್ಲೆಲ್ಲೂ ಹೊಗೆ. ಅದು ನಿಜವಾಗಿ ಆದದ್ದು. ಕ್ರಿ.ಪೂ. 430ರಲ್ಲಿ, ಸ್ಪಾರ್ಟಾದವರಿಗೆ ಹೆದರಿ ಹಳ್ಳಿಯ ಜನವೆಲ್ಲ ಅಥೆನ್ಸ್ ಗೋಡೆಯೊಳಗೆ ಬಂದು ತುಂಬಿಕೊಂಡಿದ್ದಾಗ ಹಬ್ಬಿತು. ಆ ಯುದ್ಧದ ಇತಿಹಾಸ ಬರೆದ ಥುಸಿಡಿಡೀಸ್‌ಗೂ ತಗಲಿ, ಅವನು ಬದುಕಿಕೊಂಡ. ಅವನು ಬರೆದ ರೋಗದ ವರ್ಣನೆಯನ್ನು ಆಮೇಲೆ ಹುಡುಕಿ ಓದಿದೆ. ಆ ಬೀದಿಯಲ್ಲಿ ಓಡಾಡಿ ಬಂದ ಮೇಲೆ ಓದೋದು ಬೇರೆಯೇ. ಆದರೆ ಅಥೆನ್ಸ್‌ನ ನಾಯಕ ಪೆರಿಕ್ಲೀಸನ ಸಾವನ್ನು ಗೇಮ್‌ನವರು ಬದಲಾಯಿಸಿದ್ದಾರೆ. ನಿಜದಲ್ಲಿ ಅವನು ಕ್ರಿ.ಪೂ. 429ರಲ್ಲಿ ಸತ್ತದ್ದು ಆ ರೋಗದಿಂದಲೇ ಅನ್ನುತ್ತಾರೆ.

ಕೊಲ್ಲೋದು ಬೇಡ ಅನಿಸಿದ ದಿನ ಡಿಸ್ಕವರಿ ಟೂರ್ ಹಾಕುತ್ತಿದ್ದೆ. 2019ರಲ್ಲಿ ಬಂದಿದ್ದು, ಗೇಮ್ ಇದ್ದವರಿಗೆ ಫ್ರೀ. ಅದರಲ್ಲಿ ಯುದ್ಧವೇ ಇಲ್ಲ. ಇತಿಹಾಸಕಾರ ಹೆರೊಡೊಟಸ್, ಪೆರಿಕ್ಲೀಸನ ಸಂಗಾತಿ ಆಸ್ಪೇಶಿಯಾ ಥರದವರು ಜೊತೆಗಿದ್ದು ಜಾಗ ತೋರಿಸುತ್ತಾರೆ. ಒಂದು ಭಾನುವಾರ ಅಮ್ಮನೂ ಪಕ್ಕದಲ್ಲಿ ಕೂತು ಅಥೆನ್ಸ್‌ನ ಪಾರ್ಥೆನಾನ್ ಗುಡಿ ನೋಡಿದರು. "ಇದಕ್ಕೆ ಬಣ್ಣ ಯಾಕೆ ಬಳಿದಿದ್ದಾರೆ, ಫೋಟೋದಲ್ಲಿ ಬೆಳ್ಳಗಿರತ್ತಲ್ಲೇ?" ಅಂದರು. ಆಗ ನಿಜವಾಗಿಯೂ ಬಣ್ಣ ಇತ್ತು ಅಮ್ಮಾ, 2,400 ವರ್ಷದಲ್ಲಿ ಉದುರಿಹೋಗಿ ಕಲ್ಲು ಉಳಿದಿದೆ ಅಂದೆ. ನಮ್ಮ ಹಳೇ ಗುಡಿಗಳಿಗೂ ಹಾಗೇ ಇತ್ತೇನೋ ಅಂತ ಅಮ್ಮ ಬಹಳ ಹೊತ್ತು ಅದೇ ಮಾತಾಡಿದರು.

ಫಾಸ್ಟ್ ಟ್ರಾವೆಲ್ (ಮ್ಯಾಪ್‌ನಲ್ಲಿ ಒತ್ತಿ ನೇರ ಆ ಜಾಗಕ್ಕೆ ಹೋಗೋದು) ಕೂಡ ಆದಷ್ಟು ಕಡಿಮೆ ಮಾಡಿ, ದ್ವೀಪದಿಂದ ದ್ವೀಪಕ್ಕೆ ನಮ್ಮ ಹಡಗು ಅಡ್ರೆಸ್ಟಿಯಾದಲ್ಲೇ ಹೋಗುತ್ತೇನೆ. ಹಾಯಿ ಬಿಚ್ಚಿದರೆ ಹುಟ್ಟು ಹಾಕುವವರು ಗ್ರೀಕ್ ಭಾಷೆಯಲ್ಲಿ ಹಾಡೋಕೆ ಶುರು ಮಾಡುತ್ತಾರೆ. ಒಂದಕ್ಷರ ಅರ್ಥ ಆಗಲ್ಲ, ಆದರೂ ಹಾಡು ಮುಗಿಯೋವರೆಗೆ ದಡಕ್ಕೆ ತಿರುಗಿಸಲ್ಲ. ಹಡಗಿನ ಕ್ಯಾಪ್ಟನ್ ಬಾರ್ನಬಸ್ ದೇವರುಗಳ ಕತೆ ಹೇಳುತ್ತಾ ಪಕ್ಕದಲ್ಲಿರುತ್ತಾನೆ.

ಲೆಸ್ಬೊಸ್ ದ್ವೀಪ ಇನ್ನೂ ಬಾಕಿ ಇದೆ. ಮರಗಳೇ ಕಲ್ಲಾಗಿ ನಿಂತ ಕಾಡು ಅಲ್ಲಿದೆ, ನಿಜವಾದ ಲೆಸ್ಬೊಸ್‌ನಲ್ಲೂ ಇದೆ, ನೋಡಿದವರನ್ನು ಕಲ್ಲಾಗಿಸೋ ಪುರಾಣದ ಮೆಡುಸಾಳನ್ನು ಗೇಮ್‌ನವರು ಇಟ್ಟಿರೋದು ಅಲ್ಲೇ. ಕಳೆದ ಶನಿವಾರ ದಡಕ್ಕೆ ಹಡಗು ನಿಲ್ಲಿಸಿದ್ದೀನಿ. ಇಳಿದಿಲ್ಲ.