ಮೊರಾಕ್ಕೊಗೆ ಹೊರಟಿದ್ದೀರಾ? ಮೊದಲು ದಿನ ಎಣಿಸಿ

ಮೊರಾಕ್ಕೊ ಪ್ಲಾನ್ ಮಾಡುವವರು ಮ್ಯಾಪ್ ನೋಡಿ ಮೋಸ ಹೋಗುತ್ತಾರೆ. ಮರ್ರಾಕೇಶ್‌ನಿಂದ ಮೆರ್ಜೂಗಾದ ಮರಳುದಿಬ್ಬಗಳಿಗೆ ಸುಮಾರು 550 ಕಿಲೋಮೀಟರ್. ನಡುವೆ ಅಟ್ಲಾಸ್ ಬೆಟ್ಟದ ಘಾಟಿ, 2,200 ಮೀಟರಿಗೂ ಜಾಸ್ತಿ ಎತ್ತರ. ತಿರುವೋ ತಿರುವು. ವಾಂತಿ ಮಾತ್ರೆ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಹೋಗಿ ಬರಲು 3 ದಿನ ಬೇಕೇ ಬೇಕು.

ಅಷ್ಟು ರಜೆ ಇಲ್ವಾ? ಮರುಭೂಮಿ ಬಿಟ್ಟುಬಿಡಿ, ಆ ದಿನಗಳನ್ನು ಫೆಸ್ ನಗರಕ್ಕೆ ಕೊಡಿ. ಅಲ್ಲಿನ ಹಳೇ ಊರಿನ ಗಲ್ಲಿಗಳಲ್ಲಿ ಕಾರು ಓಡುವುದಿಲ್ಲ. ಹಿಂದಿನಿಂದ ‘ಬಾಲಕ್, ಬಾಲಕ್’ ಅಂತ ಕೂಗು ಕೇಳಿದರೆ ಸುಮ್ನೆ ಗೋಡೆಗೆ ಒತ್ತಿ ನಿಲ್ಲಿ, ಸಾಮಾನು ಹೊತ್ತ ಕತ್ತೆ ಬರುತ್ತಿದೆ ಅಂತ ಅರ್ಥ. ಚರ್ಮ ಹದ ಮಾಡುವ ತೊಟ್ಟಿಗಳನ್ನು ನೋಡಲು ಮೇಲೆ ಹತ್ತುವಾಗ ಒಂದು ಹಿಡಿ ಪುದೀನ ಕೊಡುತ್ತಾರೆ. ಬೇಡ ಅನ್ನಬೇಡಿ, ಆ ವಾಸನೆಗೆ ಮೂಗಿನ ಹತ್ತಿರ ಅದು ಇರಲೇಬೇಕು!

ಸಸ್ಯಾಹಾರಿಗಳು ತರಕಾರಿ ತಾಜೀನ್ (ಮಣ್ಣಿನ ಪಾತ್ರೆಯಲ್ಲಿ ಬೇಯಿಸುವ ಅಲ್ಲಿನ ಅಡುಗೆ) ಅಂದ ತಕ್ಷಣ ನಂಬಬೇಡಿ. ಕೆಲವೊಮ್ಮೆ ತರಕಾರಿ ಮಾಂಸದ ಜೊತೆಗೇ ಬೆಂದಿರುತ್ತದೆ. ‘ಸಾಂ ವಿಯಾಂದ್’ ಅನ್ನಿ, ಫ್ರೆಂಚಿನಲ್ಲಿ ಮಾಂಸ ಇಲ್ಲದ್ದು ಅಂತ.

ದುಡ್ಡನ್ನು ಅಲ್ಲಿಗೆ ಹೋದ ಮೇಲೆಯೇ ದಿರ್ಹಮ್ ಮಾಡಿಸಿ. ಜುಲೈ, ಆಗಸ್ಟ್ ಮಾತ್ರ ಬೇಡ. ಮರ್ರಾಕೇಶ್‌ನಲ್ಲಿ ಆಗ 40 ಡಿಗ್ರಿ ದಾಟುವುದು ಮಾಮೂಲಿ.