ರಾತ್ರಿ ಹಿಮ ಗಟ್ಟಿಯಾಯಿತೇ: ಫ್ರೆಂಡ್‌ಶಿಪ್ ಪೀಕ್‌ಗೆ ಮುನ್ನ ನಾನು ನೋಡಿಕೊಂಡಿದ್ದು

ಮೇ ತಿಂಗಳಲ್ಲಿ ಮನಾಲಿ ಹತ್ತಿರದ ಫ್ರೆಂಡ್‌ಶಿಪ್ ಪೀಕ್ (5,289 ಮೀಟರ್) ಹತ್ತಲು ಹೊರಟಾಗ, ಬೆಂಗಳೂರಿನ ತುರಹಳ್ಳಿ ಬಂಡೆ ಹತ್ತುವ ಗೆಳೆಯರೆಲ್ಲ ಕೇಳಿದ್ದು ಒಂದೇ: "ಸ್ನೋ ಎಷ್ಟು ಬೀಳುತ್ತಂತೆ ಗುರು?" ಹೊಸ ಹಿಮ ಬಿದ್ದರೆ ಒಂದೆರಡು ದಿನ ಕಾಯಬೇಕು, ಸರಿ. ಆದರೆ ಆ ಕಾಲದಲ್ಲಿ ಹಳೆಯ ಹಿಮವೂ ಜಾರುತ್ತದೆ. ಹಗಲು ಕರಗಿದ ನೀರು ಪದರಗಳೊಳಗೆ ಇಳಿದು ಕಣಗಳ ಹಿಡಿತ ಸಡಿಲಿಸುತ್ತದೆ. ರಾತ್ರಿ ಹೆಪ್ಪುಗಟ್ಟಿದರೆ ಹಿಡಿತ ಮರಳುತ್ತದೆ. ಹಾಗಾಗಿ ನಾನು ನೋಡಿದ್ದು ರಾತ್ರಿಗಳನ್ನು.

ಅರ್ಧ ಕೆಲಸ ಜಯನಗರದ ಮನೆಯಲ್ಲೇ ಆಯಿತು. ಹಿಮಕುಸಿತ ಹೆಚ್ಚಾಗಿ ಶುರುವಾಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ನಕ್ಷೆಯಲ್ಲಿ 40 ಮೀಟರ್ ಎತ್ತರದಂತರದ ಕಾಂಟೂರ್ ಗೆರೆಗಳು (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ನೆಲದ ಮೇಲೆ 70 ಮೀಟರ್ ದೂರವಿದ್ದರೆ 30 ಡಿಗ್ರಿ, 40 ಮೀಟರ್ ಇದ್ದರೆ 45. ಇವೆರಡರ ನಡುವೆ ಬಂದ ಜಾಗಗಳಿಗೆಲ್ಲ ಕೆಂಪು ಪೆನ್ಸಿಲ್. ಅವುಗಳ ಬುಡದ ಸಪಾಟು ಜಾಗಕ್ಕೂ ಅದೇ ಬಣ್ಣ, ಯಾಕೆಂದರೆ ಮೇಲಿಂದ ಬಿದ್ದದ್ದು ಬಂದು ನಿಲ್ಲುವುದು ಅಲ್ಲೇ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಪುಕ್ಕಟೆ ಸಿಗುತ್ತವೆ. ಅವುಗಳಲ್ಲಿ ಹಳೆಯ ಕುಸಿತದ ಮಣ್ಣು ಮೆತ್ತಿದ ರಾಶಿ ಹುಡುಕಿದೆ. ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಕೊಡುವ ಹಿಮಕುಸಿತ ಮುನ್ಸೂಚನೆಯನ್ನೂ ನೋಡುತ್ತಿದ್ದೆ, ಆದರೆ ಅದು ಇಡೀ ಜಿಲ್ಲೆಯ ಮಾತು, ನಮ್ಮ ಇಳಿಜಾರಿನದಲ್ಲ.

ತಾಪಮಾನದ ಲೆಕ್ಕ ಸುಲಭ. ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಕಡಿಮೆ. 2,050 ಮೀಟರಿನ ಮನಾಲಿಯಲ್ಲಿ ರಾತ್ರಿ 10 ಡಿಗ್ರಿ ಇದ್ದರೆ 4,000 ಮೀಟರಿನಲ್ಲಿ ಮೈನಸ್ ಎರಡು-ಮೂರು. ಅಷ್ಟಕ್ಕೇ ನಂಬುವಂತಿಲ್ಲ. ಬೆಂಗಳೂರಲ್ಲೂ ಡಿಸೆಂಬರಿನಲ್ಲಿ ಮೋಡ ಕವಿದ ರಾತ್ರಿ ಚಳಿ ಕಡಿಮೆಯಲ್ಲವೇ? ಅಲ್ಲೂ ಹಾಗೇ: ಆಕಾಶ ಶುಭ್ರವಿದ್ದರೆ ಹಿಮದ ಮೈ ಶಾಖ ಬಿಟ್ಟು ಗಾಳಿಗಿಂತಲೂ ತಣ್ಣಗಾಗುತ್ತದೆ, ಮೋಡವಿದ್ದರೆ ಮೆತ್ತಗೇ ಉಳಿಯುತ್ತದೆ.

ಕ್ಯಾಂಪಿನಲ್ಲಿ ರಾತ್ರಿ ಒಂದು ಗಂಟೆಗೆ ಎದ್ದು ಮೊದಲು ನಕ್ಷತ್ರ ನೋಡಿದೆ. ಆಮೇಲೆ ಕ್ರ್ಯಾಂಪಾನ್ (ಉಕ್ಕಿನ ಮೊಳೆಗಳ ಚೌಕಟ್ಟು) ಕಟ್ಟಿದ ಬೂಟಿನಿಂದ ಹಿಮಕ್ಕೆ ಒದ್ದೆ. ಟಕ್ ಎಂದಿತು, ಮುಂದಿನ ಮೊಳೆಗಳ ಗುರುತು ಮಾತ್ರ ಬಿತ್ತು. ಅಷ್ಟಕ್ಕೆ ಬಿಡದೆ ಐಸ್ ಆಕ್ಸ್‌ನ ಹಿಡಿ ತಿರುಗಿಸಿ ಒತ್ತಿದೆ. ಮೇಲೆ ಒಂದಿಂಚು ಗಟ್ಟಿ, ಕೆಳಗೆಲ್ಲ ಮೆತ್ತಗೆ ಇದ್ದರೆ ಬಿಸಿಲು ಬಿದ್ದ ಕೆಲವೇ ಹೊತ್ತಿನಲ್ಲಿ ಆ ಗಟ್ಟಿ ಪದರ ಕೈಕೊಡುತ್ತದೆ. ನಮ್ಮ ಕಡೆ ಹಿಡಿ ಇಳಿಯಲೇ ಇಲ್ಲ.

ಬೀಕನ್ (ಹೂತವರ ಜಾಗ ತೋರಿಸುವ ರೇಡಿಯೊ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಬೇಕೆಂದು ನಾನೇ ಕೇಳಿ ಬಾಡಿಗೆಗೆ ತೆಗೆದುಕೊಂಡೆ. ಆಯೋಜಕರ ಪಟ್ಟಿಯಲ್ಲಿ ಇರಲಿಲ್ಲ. ಹೂತುಹೋದವರು ಬದುಕುವ ಸಾಧ್ಯತೆ ಹತ್ತು-ಹದಿನೈದು ನಿಮಿಷದ ನಂತರ ದಡದಡ ಕುಸಿಯುತ್ತದೆ. ಅಷ್ಟರೊಳಗೆ ಊರಿಂದ ಯಾರೂ ಬರುವುದಿಲ್ಲ.

ಬಿಸಿಲು ಮೊದಲು ತಾಗುವುದು ಪೂರ್ವದ ಇಳಿಜಾರಿಗೆ. ಅಲ್ಲಿ ಹಿಮದ ಪುಟ್ಟ ಉಂಡೆಗಳು ತಾವಾಗಿಯೇ ಉರುಳತೊಡಗಿದರೆ ಹೊತ್ತು ಮೀರಿತೆಂದೇ ಲೆಕ್ಕ. ಹಿಮನದಿಯ ಆಳದ ಬಿರುಕುಗಳ ಮೇಲಿನ ಹಿಮದ ಸೇತುವೆಗಳೂ ಆಗಲೇ ಸಡಿಲವಾಗುತ್ತವೆ, ಒಬ್ಬರಿಗೊಬ್ಬರು ಕಟ್ಟಿಕೊಂಡ ಹಗ್ಗ ಬಿಚ್ಚುವಂತಿಲ್ಲ. ವಾಪಸಾಗುವ ಗಂಟೆಯನ್ನು ಗೈಡ್ ಜೊತೆ ಹಿಂದಿನ ಸಂಜೆಯೇ ಗೊತ್ತು ಮಾಡಿಕೊಂಡಿದ್ದೆ. ಇಳಿಯುವಾಗ ಕೊನೆಯ ಕಡಿದಾದ ಇಳಿಜಾರನ್ನು ಬೆಳಿಗ್ಗೆ ಒಂಬತ್ತರೊಳಗೆ ದಾಟಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಬೆಳಿಗ್ಗೆ ಏಳಕ್ಕೆ ತುದಿಯಿಂದ ಹಿಂದಿರುಗಬೇಕು.